ಮಲೆಸೀಮೆಯ ಮಕ್ಕಳೂ ಇಂಗ್ಲಿಷ್ ವಾಕ್ಯವೂ

(ಸಕಲೇಶಪುರ, ಆಲೂರು ಸೀಮೆಯ ಉಪಾಧ್ಯಾಯರನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಈ ಮಲೆಸೀಮೆಗೆ ಇಂಗ್ಲಿಷ್ ನುಡಿಯು ಹೊಸ ಅತಿಥಿಯಲ್ಲ. ಸಕಲೇಶಪುರದ ಸೀಮೆಯನ್ನು ಮಂಜರಾಬಾದೆಂದು ಕರೆಯುತ್ತಿದ್ದ ಕಾಲದಲ್ಲಿಯೇ ಅದು ಬಿಳಿಯರ ಕಾಫಿ ತೋಟಗಳೊಡನೆ ಇಲ್ಲಿಗೆ ಬಂದಿತು. 1856ರ ಸುಮಾರಿಗೆ ಇಲ್ಲಿ ತೋಟವನ್ನು ಆರಂಭಿಸಿದ ರಾಬರ್ಟ್ ಎಲಿಯಟ್ ಎಂಬ ದೊರೆಯು ತನ್ನ ಮೂವತ್ತೆಂಟು ವರ್ಷಗಳ ಅನುಭವವನ್ನು 1894ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ದೊರೆಗಳು ಹೋದರು, ಅವರ ಮಾತುಗಳು ಉಳಿದುವು. ಎಸ್ಟೇಟು, ರೈಟರು, ಲೈನು, ಚೆಕ್‌ರೋಲು, ಪಲ್ಪರು, ಪಾರ್ಚ್‌ಮೆಂಟು, ಚೆರ್ರಿ, ಗೋಡೌನು, ಲಾರಿ ಎಂಬಿವನ್ನು ಹಾನುಬಾಳಿನ ಅಥವಾ ಹೆತ್ತೂರಿನ ಕಡೆಯ, ಅಕ್ಷರವನ್ನೇ ಅರಿಯದ ಮುದುಕಿಯೂ ದಿನಕ್ಕೆ ಹತ್ತು ಸಲ ಆಡುವಳು. ಹೀಗಿದ್ದರೂ ಅದೇ ಮನೆಯ ಬಾಲಕನು ಹತ್ತು ವರ್ಷ ಶಾಲೆಗೆ ಹೋಗಿ ಬಂದ ಮೇಲೆಯೂ ಇಂಗ್ಲಿಷಿನಲ್ಲಿ ತನ್ನದೇ ಆದ ನಾಲ್ಕು ವಾಕ್ಯಗಳನ್ನು ಬರೆಯಲಾರದೆ ಲೇಖನಿಯನ್ನು ಕಚ್ಚುತ್ತಾ ಕುಳಿತಿರುವುದನ್ನು ನಾವೂ ನೀವೂ ಕಂಡಿದ್ದೇವೆ.

ಇದಕ್ಕೆ ಕಾರಣವೇನು? ಪದಗಳು ಕಿವಿಯ ಮಾರ್ಗವಾಗಿ ತಾವಾಗಿಯೇ ಬಂದುವು; ವಾಕ್ಯವು ಬರಲಿಲ್ಲ. ಪದವು ಸಂತೆಯಲ್ಲಿ ಸಿಕ್ಕುವ ವಸ್ತುವಿನಂತೆ. ಯಾರು ಬೇಕಾದರೂ ಕೊಂಡುತರಬಹುದು. ವಾಕ್ಯವು ಮನೆ ಕಟ್ಟುವ ವಿದ್ಯೆಯಂತೆ. ಅದನ್ನು ಬಲ್ಲವನು ಪಕ್ಕದಲ್ಲಿ ನಿಂತು ಕಲಿಸಬೇಕು. ಹೀಗೆ ಕಲಿಸುವುದಕ್ಕೆ ಕನ್ನಡವೇ ಅತ್ಯುತ್ತಮವಾದ ಏಣಿಯೆಂಬುದನ್ನು ಈ ದಿನ ನಿಮ್ಮ ಮುಂದೆ ವಿಜ್ಞಾಪಿಸಲು ನಾವು ನಿಂತಿದ್ದೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಇಂಗ್ಲಿಷ್ ಬೇಡವೆಂಬುದು ನಮ್ಮ ವಾದವಲ್ಲ. ಬ್ಯಾಂಕಿನ ಕಾಗದ, ಔಷಧದ ಸೀಸೆ, ಗೊಬ್ಬರದ ಚೀಲ, ಗಿಡಕ್ಕೆ ಹೊಡೆಯುವ ವಿಷದ ಡಬ್ಬಿ, ಉನ್ನತ ವ್ಯಾಸಂಗದ ಗ್ರಂಥ, ಇವೆಲ್ಲವುಗಳ ಮೇಲೂ ಆ ಭಾಷೆಯುಂಟು. ತೋಟದಲ್ಲಿ ವಿಷವನ್ನು ಬೆರೆಸುವವನಿಗೆ ಡಬ್ಬಿಯ ಮೇಲಿನ ಎಚ್ಚರಿಕೆ ತಿಳಿಯದಿದ್ದರೆ ಪ್ರಾಣಕ್ಕೇ ಸಂಚಕಾರ. ತಮ್ಮ ಮಕ್ಕಳಾದರೂ ಆ ಕತ್ತಲೆಯಲ್ಲಿ ಇರಬಾರದೆಂದು ಲೈನಿನ ಮನೆಯ ತಾಯಿಯೊಬ್ಬಳು ಬಯಸಿದರೆ ಆಕೆಯನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆಕೆಯ ಬಯಕೆ ಈಡೇರುವ ದಾರಿ ಯಾವುದೆಂಬುದೇ ಪ್ರಶ್ನೆ.

ಸರ್ಕಾರದ ದಾರಿಗಳು ಕಾಲಕಾಲಕ್ಕೆ ಬದಲಾಗಿವೆ. ಬಹುಕಾಲ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಅಕ್ಷರಾಭ್ಯಾಸವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. 2007ರಿಂದ ಒಂದನೆಯ ತರಗತಿಯಿಂದಲೇ ಅದನ್ನು ಒಂದು ಭಾಷೆಯಾಗಿ ಕಲಿಸಲು ಮೊದಲಾಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿಯೇ ನಡೆಯಬೇಕೆಂದು ಸರ್ಕಾರವು ಬಲವಂತಪಡಿಸಲಾಗದೆಂದು ತೀರ್ಪಿತ್ತಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ಯೋಜನೆ ಜಾರಿಗೆ ಬಂದಿತು. ಈ ಆಜ್ಞೆಗಳ ಗುಣದೋಷವನ್ನು ವಿಚಾರಿಸಲು ನಾವು ಇಲ್ಲಿಗೆ ಬಂದವರಲ್ಲ. ಆಜ್ಞೆ ಯಾವುದೇ ಇರಲಿ, ಮಗುವಿನ ಮುಂದೆ ನಿಲ್ಲತಕ್ಕವರು ನೀವು. ಇಂಗ್ಲಿಷನ್ನು ಭಾಷೆಯಾಗಿ ಕಲಿಸುವುದು ಬೇರೆ, ಇಂಗ್ಲಿಷಿನಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಉರುಹಚ್ಚಿಸುವುದು ಬೇರೆ. ಎರಡನೆಯದರಿಂದ ಮೊದಲನೆಯದು ತಾನಾಗಿ ಲಭಿಸುವುದೆಂಬ ಭ್ರಾಂತಿಯು ನಮ್ಮ ಜನರಲ್ಲಿ ಹರಡಿದೆ. ಅರ್ಥವಾಗದ ಭಾಷೆಯಲ್ಲಿ ಕೇಳಿದ ಪಾಠವು ಭಾಷೆಯನ್ನೂ ಕೊಡದು, ಪಾಠವನ್ನೂ ಕೊಡದು.

ಈಗ ಪದಗಳ ವಿಚಾರಕ್ಕೆ ಬರೋಣ. ನಮ್ಮ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಮಾತುಗಳು ಬೇಕಾದಷ್ಟು ಇವೆಯೆಂದೆವಷ್ಟೆ. ಆದರೆ ಅವು ಕನ್ನಡದ ಮನೆಗೆ ಸೊಸೆಯಾಗಿ ಬಂದ ಮೇಲೆ ಇಲ್ಲಿನ ನಡೆಯನ್ನು ಕಲಿತುಬಿಟ್ಟಿವೆ. ತೋಟದ ಲೆಕ್ಕ ಬರೆಯುವವನನ್ನು ನಾವು ರೈಟರೆನ್ನುತ್ತೇವೆ. ಇಂಗ್ಲಿಷಿನವನಿಗೆ ರೈಟರ್ ಎಂದರೆ ಗ್ರಂಥಕರ್ತ. ಆಲೂರಿನ ಬಾಲಕನು ‘ಮೈ ಫಾದರ್ ಈಸ್ ಎ ರೈಟರ್’ ಎಂದು ಬರೆದರೆ ಓದಿದವನು ಅವನ ತಂದೆಯ ಕಾದಂಬರಿಗಳನ್ನು ಕೇಳಿಯಾನು! ಕೂಲಿಯವರ ಸಾಲುಮನೆ ನಮಗೆ ಲೈನು. ಹೊರಗಿನವನಿಗೆ ಲೈನ್ ಎಂದರೆ ಒಂದು ಗೆರೆ ಅಥವಾ ಜನರ ಸಾಲು. ನಮ್ಮ ಪಾರ್ಚ್‌ಮೆಂಟು ಸಿಪ್ಪೆ ಸುಲಿದು ಒಣಗಿಸಿದ ಕಾಫಿ. ಅವರಿಗೆ ಅದು ಮೊದಲು ಬರೆಯುವ ಚರ್ಮದ ಹಾಳೆ. ನಮ್ಮ ಚೆರ್ರಿ ಹಣ್ಣಿನೊಡನೆಯೇ ಒಣಗಿಸಿದ ಕಾಫಿ. ಅವರಿಗೆ ಅದು ಬೇರೊಂದು ಮರದ ಹಣ್ಣು. ಆದಕಾರಣ ಉಪಾಧ್ಯಾಯರು ಪಟ್ಟಣದ ಪುಸ್ತಕದಿಂದ ಅಪರಿಚಿತ ಪದಗಳನ್ನು ತಂದು ಬಾಯಿಪಾಠ ಮಾಡಿಸುವ ಮುನ್ನ, ಮಕ್ಕಳು ಮನೆಯಿಂದ ತಂದ ಈ ಪದಗಳನ್ನೇ ಒಂದು ಪುಸ್ತಕದಲ್ಲಿ ಬರೆಯಿಸಲಿ: ನಾವು ಆಡುವ ರೀತಿ ಒಂದು ಕಡೆ, ಇಂಗ್ಲಿಷ್ ಕಾಗುಣಿತ ಒಂದು ಕಡೆ, ಅಲ್ಲಿ ಅದರ ಅರ್ಥ ಮತ್ತೊಂದು ಕಡೆ. ತನಗೆ ಇಷ್ಟು ಇಂಗ್ಲಿಷ್ ಮೊದಲೇ ಗೊತ್ತಿದೆಯೆಂದು ಮಗುವಿಗೆ ತಿಳಿದಾಗ ಅದರ ಅರ್ಧ ಭಯವು ಹಾರಿಹೋಗುವುದು.

ಎಷ್ಟು ಪದಗಳು ಬೇಕು? ನಿಘಂಟಿನ ಗಾತ್ರವನ್ನು ಕಂಡು ಹೆದರಬೇಕಾಗಿಲ್ಲ. ಬಂಗಾಳದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ ಎಂಬವರು ಭಾರತೀಯ ಮಕ್ಕಳ ಕಷ್ಟವನ್ನು ಕಣ್ಣಾರೆ ಕಂಡು, ಹೆಚ್ಚು ಬಳಕೆಯ ಸುಮಾರು 2,000 ಪದಗಳ ಪಟ್ಟಿಯೊಂದನ್ನು 1953ರಲ್ಲಿ ಪ್ರಕಟಿಸಿದರು. ಸಾಮಾನ್ಯ ಬರಹದ ಬಹುಭಾಗವು ಈ ಪದಗಳಿಂದಲೇ ಆಗಿರುವುದು. ದಿನಕ್ಕೆ ಎರಡು ಪದಗಳಾದರೆ ಮೂರು ವರ್ಷಗಳೊಳಗೆ ಮುಗಿಯುವ ಕೆಲಸವಿದು; ಆದರೆ ಪ್ರತಿಯೊಂದು ಪದವೂ ಒಂದು ವಾಕ್ಯದೊಳಗೆ ಕುಳಿತು ಬರಬೇಕು, ಒಂಟಿಯಾಗಿ ಬರಕೂಡದು.

ಇನ್ನು ವ್ಯಾಕರಣ. ಇಲ್ಲಿಯೇ ಕನ್ನಡದ ಏಣಿಯ ಪ್ರಯೋಜನವು ಸ್ಪಷ್ಟವಾಗುವುದು. ‘ಮುಂಗುಸಿಯು ಹಾವನ್ನು ಕೊಂದಿತು’ ಎನ್ನಿರಿ, ‘ಹಾವನ್ನು ಮುಂಗುಸಿಯು ಕೊಂದಿತು’ ಎನ್ನಿರಿ, ಸತ್ತದ್ದು ಹಾವೇ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ವಿವರಿಸಿದ ವಿಭಕ್ತಿಗಳು ನಮ್ಮ ಪದಗಳನ್ನು ಎಲ್ಲಿ ಕುಳಿತರೂ ಕಾಯುತ್ತವೆ. ಇಂಗ್ಲಿಷಿನಲ್ಲಿ ‘ದಿ ಮಂಗೂಸ್ ಕಿಲ್ಡ್ ದಿ ಸ್ನೇಕ್’ ಎಂಬುದರ ಎರಡು ಪ್ರಾಣಿಗಳನ್ನು ಅದಲುಬದಲು ಮಾಡಿದರೆ ಮುಂಗುಸಿಯೇ ಸಾಯುವುದು! ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ನಮ್ಮಂತೆ ವಿಭಕ್ತಿ ಪ್ರತ್ಯಯಗಳಿದ್ದುವು. ಕಾಲಕ್ರಮದಲ್ಲಿ ಅವು ಸವೆದುಹೋದುವು. ಪ್ರತ್ಯಯವು ಮಾಡುತ್ತಿದ್ದ ಕೆಲಸವನ್ನು ಈಗ ಪದದ ಸ್ಥಾನವು ಮಾಡುತ್ತಿದೆ. ಈ ಒಂದು ರಹಸ್ಯವನ್ನು ಕನ್ನಡದಲ್ಲಿ ಹತ್ತು ನಿಮಿಷ ವಿವರಿಸಿದರೆ ಮಗುವು ಅದನ್ನು ಜನ್ಮದಲ್ಲಿ ಮರೆಯದು.

ಹಾಗೆಯೇ ‘ಆನೆ ಬಂತು’ ಎಂಬ ಮಾತು. ಈ ಎರಡು ತಾಲ್ಲೂಕುಗಳಲ್ಲಿ ಅದನ್ನು ಕೇಳದ ಹಳ್ಳಿ ವಿರಳ. ಇಂಗ್ಲಿಷಿನಲ್ಲಿ ಹೇಳುವಾಗ ಎರಡು ದಾರಿಗಳುಂಟು: ಯಾವುದೋ ಒಂದು ಆನೆಯಾದರೆ ‘ಆ್ಯನ್ ಎಲಿಫೆಂಟ್’, ನಿನ್ನೆ ಗದ್ದೆ ತುಳಿದ, ಊರಿಗೆಲ್ಲ ಗೊತ್ತಿರುವ ಅದೇ ಆನೆಯಾದರೆ ‘ದಿ ಎಲಿಫೆಂಟ್’. ಪುಸ್ತಕದ ಸೂತ್ರದಿಂದ ಅರ್ಥವಾಗದ ಭೇದವು ಈ ಉದಾಹರಣೆಯಿಂದ ಕ್ಷಣಮಾತ್ರದಲ್ಲಿ ಅರ್ಥವಾಗುವುದು. ‘ಮಳೆ ಬಂತೇ?’ ಎಂಬಲ್ಲಿ ನಾವು ಕೊನೆಗೊಂದು ಸ್ವರವನ್ನು ಸೇರಿಸಿ ಪ್ರಶ್ನೆಯನ್ನು ಮುಗಿಸುತ್ತೇವೆ. ಇಂಗ್ಲಿಷಿನವನು ಮೊದಲಿಗೆ ‘ಡಿಡ್’ ಎಂಬುದನ್ನು ನಿಲ್ಲಿಸಿ, ಭೂತಕಾಲದ ಹೊರೆಯನ್ನೆಲ್ಲ ಅದರ ತಲೆಗೆ ಹೊರಿಸಿ, ಕ್ರಿಯಾಪದವನ್ನು ಬರಿಗೈಯಲ್ಲಿ ಬಿಡುತ್ತಾನೆ: ‘ಡಿಡ್ ಇಟ್ ರೇನ್?’ ಒಂದೇ ಹೊರೆಯನ್ನು ಇಬ್ಬರು ಹೊರಬೇಕಾಗಿಲ್ಲವೆಂದು ತಿಳಿದ ಹುಡುಗನು ‘ಡಿಡ್ ಇಟ್ ರೇನ್ಡ್’ ಎಂದು ಬರೆಯನು. ‘ನನಗೆ ಹಸಿವಾಗಿದೆ’ ಎನ್ನುವಲ್ಲಿ ನಮ್ಮಲ್ಲಿ ಹಸಿವು ಕರ್ತೃ, ‘ನನಗೆ’ ಎಂಬುದು ಚತುರ್ಥಿ. ಅವರಲ್ಲಿ ‘ನಾನು’ ಎಂಬುದೇ ಕರ್ತೃ. ಮಕ್ಕಳ ತಪ್ಪುಗಳಲ್ಲಿ ಹಲವು ಹುಟ್ಟುವುದು ಇಂಥ ಸ್ಥಳಗಳಲ್ಲಿ. ಅವು ದಡ್ಡತನದ ಗುರುತಲ್ಲ. ಕನ್ನಡದ ನಿಯಮವನ್ನು ಚೆನ್ನಾಗಿ ಬಲ್ಲ ಬುದ್ಧಿಯ ಗುರುತು. ಆದುದರಿಂದ ತಪ್ಪಿಗೆ ನಗುವ ಉಪಾಧ್ಯಾಯನು ಮಗುವಿನ ಬಾಯನ್ನು ಮುಚ್ಚುತ್ತಾನೆ. ತಪ್ಪಿನ ಮೂಲವನ್ನು ತೋರಿಸುವವನು ಅದನ್ನು ತೆರೆಯುತ್ತಾನೆ.

ವ್ಯಾಕರಣವನ್ನು ವಿವರಿಸಿದರೆ ಮಾತ್ರ ಸಾಲದು, ಬಳಕೆಯೂ ಬೇಕು. ಈ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗವು ಜಗತ್ತಿನ ಭಾಷಾಶಿಕ್ಷಕರ ಗಮನವನ್ನು ಸೆಳೆದಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ, ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ, ಸೂತ್ರಗಳ ಬಾಯಿಪಾಠವನ್ನು ಬಿಟ್ಟು ಮಕ್ಕಳಿಗೆ ಕೆಲಸಗಳನ್ನು ಕೊಟ್ಟರು: ರೈಲಿನ ವೇಳಾಪಟ್ಟಿಯನ್ನು ನೋಡಿ ಉತ್ತರಿಸುವುದು, ನಕ್ಷೆಯನ್ನು ನೋಡಿ ದಾರಿ ಹೇಳುವುದು, ಇತ್ಯಾದಿ. ಮನಸ್ಸು ಅರ್ಥದಲ್ಲಿ ಮಗ್ನವಾಗಿರುವಾಗ ವ್ಯಾಕರಣವು ಒಳಗೊಳಗೇ ಬೆಳೆಯುವುದೆಂಬುದು ಅವರ ನಂಬಿಕೆ. ಸೂತ್ರದ ವಿವರಣೆಯನ್ನು ಪೂರ್ಣವಾಗಿ ಬಿಡಬೇಕೆಂದು ನಾವು ಒಪ್ಪಲಾರೆವು. ಆದರೆ ಅವರ ವಿಧಾನದ ಸಾರವು ನಮಗೆ ಪ್ರಯೋಜನಕಾರಿ. ಸಕಲೇಶಪುರದ ನಿಲ್ದಾಣದ ರೈಲು ವೇಳಾಪಟ್ಟಿ, ಕಾಫಿ ಮತ್ತು ಮೆಣಸಿನ ಧಾರಣೆಯ ಪಟ್ಟಿ, ಗೊಬ್ಬರದ ಚೀಲದ ಮೇಲಿನ ಬರಹ, ಇವುಗಳಿಗಿಂತ ಒಳ್ಳೆಯ ಪಾಠಪುಸ್ತಕ ಬೇಕೇ? ಇದಕ್ಕೆ ಹಣವೂ ಬೇಡ, ಮೇಲಿನಿಂದ ಆಜ್ಞೆಯೂ ಬೇಡ.

‘ಇಲ್ಲಿನ ಮಕ್ಕಳೆಲ್ಲರ ಮನೆಮಾತು ಕನ್ನಡವೇ?’ ಎಂದು ನೀವು ಕೇಳಬಹುದು. ಅಲ್ಲ. ತುಳು, ತಮಿಳು, ಉರ್ದು, ಕೊಂಕಣಿ ಆಡುವ ಮನೆಗಳೂ ಈ ಗುಡ್ಡಗಳಲ್ಲಿವೆ. ಆ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಆದರೂ ಅಂಗಳದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅದು ಕನ್ನಡವನ್ನು ಉಸಿರಾಡುತ್ತಿರುವುದು. ಎರಡನೆಯ ಭಾಷೆಯೊಂದನ್ನು ಅರ್ಥಪೂರ್ಣವಾಗಿ ಗೆದ್ದ ಮಗುವು ಮೂರನೆಯದಕ್ಕೆ ಹೆದರದು. ಹಾಸನದಲ್ಲಿ ಜನಿಸಿದ ಬಾನು ಮುಷ್ತಾಕರು ಉರ್ದುವಿನ ಮನೆಯಿಂದ ಎಂಟನೆಯ ವಯಸ್ಸಿನಲ್ಲಿ ಕನ್ನಡ ಶಾಲೆಗೆ ಸೇರಿದರು. ಆರು ತಿಂಗಳೊಳಗೆ ಕನ್ನಡವನ್ನು ಓದಿ ಬರೆಯಲು ಕಲಿಯಬೇಕೆಂಬ ಷರತ್ತಿತ್ತು. ಅವರು ಕೆಲವೇ ದಿನಗಳಲ್ಲಿ ಕಲಿತರು. ಅವರು ಕನ್ನಡದಲ್ಲಿ ಬರೆದ ಕಥೆಗಳು ಕೊಡಗಿನ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದುವು. ಕನ್ನಡದ ಕೃತಿಯೊಂದಕ್ಕೆ ಆ ಗೌರವವು ಸಂದದ್ದು ಅದೇ ಮೊದಲು.

ಅದಕ್ಕೂ ಬಹಳ ಹಿಂದೆ, 1908ರಲ್ಲಿ ಅದೇ ಹಾಸನದಲ್ಲಿ ಜನಿಸಿದ ರಾಜಾರಾಯರು 1938ರಲ್ಲಿ ‘ಕಾಂತಾಪುರ’ವೆಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿಯೂ ಒಂದು ಘಟ್ಟದ ಹಳ್ಳಿಯುಂಟು, ಕಾಫಿ ಎಸ್ಟೇಟುಂಟು. ಕಥೆಯನ್ನು ಹೇಳುವವಳು ಹಳ್ಳಿಯ ಒಬ್ಬ ಮುದುಕಿ. ಆಕೆಯ ಇಂಗ್ಲಿಷಿನ ಓಟವು ಜಗುಲಿಯ ಮೇಲಿನ ಕನ್ನಡದ ಓಟವೇ. ರಾಜಾರಾಯರ ಆರಂಭದ ಬರಹಗಳಲ್ಲಿ ಕೆಲವು ಧಾರವಾಡದ ‘ಜಯಕರ್ನಾಟಕ’ದಲ್ಲಿ ಕನ್ನಡದಲ್ಲಿಯೇ ಅಚ್ಚಾಗಿದ್ದುವು. ಈ ಕಡೆ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷನ್ನು ಬೋಧಿಸಿದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಕನ್ನಡದ ಕಾವ್ಯಕ್ಕೇ ಹೊಸ ದಾರಿಯನ್ನು ತೆರೆದರು. ಇವರಲ್ಲಿ ಯಾರೂ ಒಂದು ಭಾಷೆಯನ್ನು ಕೊಂದು ಇನ್ನೊಂದನ್ನು ಪಡೆದವರಲ್ಲ.

ಉಪಾಧ್ಯಾಯ ಬಂಧುಗಳೇ, ಮಳೆಗಾಲದಲ್ಲಿ ಹೊಳೆ ತುಂಬಿ ಶಾಲೆಗೆ ರಜೆ ಬೀಳುವ, ದಾರಿಯಲ್ಲಿ ಆನೆಯಿದೆಯೆಂದು ಮಕ್ಕಳು ಮನೆಯಲ್ಲಿಯೇ ಉಳಿಯುವ ಸೀಮೆ ನಿಮ್ಮದು. ನಿಮಗೆ ದೊರೆಯುವ ದಿನಗಳು ಕಡಮೆ. ಆ ಕಡಮೆ ದಿನಗಳಲ್ಲಿ ಪದಗಳ ಪಟ್ಟಿಯನ್ನು ಉರುಹಚ್ಚಿಸಿ ಕಾಲವನ್ನು ಕಳೆಯಬೇಡಿರಿ. ದಿನಕ್ಕೆ ಐದು ವಾಕ್ಯಗಳು ಸಾಕು: ಮಗುವಿನ ಮನೆಯದು, ತೋಟದ್ದು, ಮಳೆಯದು. ಅವನ್ನು ಕನ್ನಡದಿಂದ ಇಂಗ್ಲಿಷಿಗೆ ಒಯ್ಯಿರಿ. ಮರುದಿನ ಇಂಗ್ಲಿಷಿನಿಂದ ಕನ್ನಡಕ್ಕೆ ಮರಳಿ ತನ್ನಿರಿ. ಹೀಗೆ ಹೋಗಿಬರುವ ದಾರಿ ಸವೆದಷ್ಟೂ ಮಗುವಿನ ಎರಡು ಭಾಷೆಗಳೂ ಬಲಗೊಳ್ಳುವುವು. ತಾಯಿತಂದೆಗಳಲ್ಲಿ ನಮ್ಮ ಪ್ರಾರ್ಥನೆಯೂ ಒಂದೇ: ಮಗುವು ಎಷ್ಟು ಇಂಗ್ಲಿಷ್ ಪದಗಳನ್ನು ಒಪ್ಪಿಸುವುದೆಂದು ಕೇಳಬೇಡಿರಿ, ತಾನು ಕಂಡದ್ದನ್ನು ಒಂದು ವಾಕ್ಯದಲ್ಲಿ ಹೇಳಬಲ್ಲದೇ ಎಂದು ಕೇಳಿರಿ. ವಿಷದ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದಿ ಅಪ್ಪನಿಗೆ ಕನ್ನಡದಲ್ಲಿ ತಿಳಿಯಹೇಳುವ ಬಾಲಕಿಯೊಬ್ಬಳು ಪ್ರತಿ ಮನೆಯಲ್ಲಿಯೂ ಇರುವಂತಾದರೆ ಈ ಸೀಮೆಯ ಶಾಲೆಗಳು ತಮ್ಮ ಕೆಲಸವನ್ನು ಮಾಡಿದಂತಾಯಿತು.