ಬೀಸುವ ಕಲ್ಲಿನ ಋಣ

ಚೀನೀಯರಲ್ಲಿ ಛಿಂಗ್‌ಮಿಂಗ್ ಎಂಬುದೊಂದು ಹಬ್ಬವುಂಟು. ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಮನೆಮಂದಿಯೆಲ್ಲ ಹಿರಿಯರ ಗೋರಿಗಳಿಗೆ ಹೋಗಿ, ಕಸ ತೆಗೆದು, ಎಡೆಯಿಟ್ಟು ಕೈಮುಗಿಯುತ್ತಾರೆ. ದೇಶ ಬಿಟ್ಟು ಹೋದವರ ಮೊಮ್ಮಕ್ಕಳು ಅಜ್ಜನ ಹಳ್ಳಿಯನ್ನು ಹುಡುಕಿಕೊಂಡು ಬರುವುದೂ ಉಂಟು. ಅವರಿಗೆ ಆಸರೆ ಮನೆತನದ ವಂಶಾವಳಿಯ ಪುಸ್ತಕ. ಆದರೆ ಹಳೆಯ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ.

ನಮ್ಮ ಕಡೆ ಆ ಪುಸ್ತಕದ ಕೆಲಸವನ್ನು ಹೆಳವರು ಮಾಡುತ್ತ ಬಂದಿದ್ದಾರೆ. ಎತ್ತಿನ ಮೇಲೆ ಬಂದ ಹೆಳವ ನಮ್ಮ ಅಂಗಳದಲ್ಲಿ ತಲೆಮಾರುಗಳನ್ನು ಒಂದೇ ಉಸಿರಿಗೆ ಒಪ್ಪಿಸಿದ್ದನ್ನು ಬಾಲ್ಯದಲ್ಲಿ ಕೇಳಿದ್ದೇನೆ. ಅವನಿಗೆ ಜೋಳ ಅಳೆದು ಕೊಟ್ಟವಳು ನಮ್ಮವ್ವ. ಅವನು ಹೇಳಿದ ಹೆಸರುಗಳಲ್ಲಿ ಅವ್ವನ ಅತ್ತೆಯ ಹೆಸರು ಇರಲಿಲ್ಲ.

ಹಾಗಾದರೆ ಆ ತಾಯಂದಿರು ನಮಗಾಗಿ ಉಳಿಸಿಹೋದದ್ದೇನು? ಇಂಡಿ ಸೀಮೆಯ ಹಲಸಂಗಿಯಲ್ಲಿ ಕೆಲವು ತರುಣರು ಇದನ್ನು ಹುಡುಕಿ ಹೊರಟರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಆ ಗೆಳೆಯರನ್ನು ನಾಡು 'ಹಲಸಂಗಿ ಗೆಳೆಯರು' ಎಂದೇ ಕರೆಯಿತು. 1931ರಲ್ಲಿ 'ಗರತಿಯ ಹಾಡು' ಅಚ್ಚಾದಾಗ ಮಧುರಚೆನ್ನರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಬಳಿಕ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಬಂದವು. ತವರು, ಅಣ್ಣ, ತೊಟ್ಟಿಲ ಕೂಸು, ಅತ್ತೆಮನೆಯ ಸಂಕಟ ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ ಅಡಗಿದ್ದವು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವುದೂ ಇದೇ ತ್ರಿಪದಿ. ಕಲ್ಲಿನಲ್ಲಿ ಕೊರೆದುದಕ್ಕೆ ಪಂಡಿತರು ಕೊಟ್ಟ ಮನ್ನಣೆ ಕಲ್ಲಿನ ಮುಂದೆ ಕುಳಿತು ಹಾಡಿದುದಕ್ಕೆ ದೊರೆಯಲು ಬಹಳ ಕಾಲ ಹಿಡಿಯಿತು!

ಚೀನದಲ್ಲಿಯೂ ಇಂಥದೇ ಒಂದು ಹುಡುಕಾಟ ನಡೆದಿತ್ತು. 1918ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ವಿದ್ವಾಂಸರು ಹಳ್ಳಿಯ ಹಾಡುಗಳನ್ನು ಕಳಿಸಿರೆಂದು ನಾಡಿಗೆಲ್ಲ ಕರೆಕೊಟ್ಟರು. 1922ರಲ್ಲಿ ಅದಕ್ಕೆಂದೇ ವಾರಪತ್ರಿಕೆ ಹೊರಡಿಸಿದರು. ಅವರ ಬೆನ್ನಿಗೆ ವಿಶ್ವವಿದ್ಯಾಲಯವಿತ್ತು. ಮುಂಬಯಿ ಪ್ರಾಂತದ ಅಂಚಿನಲ್ಲಿ, ಮರಾಠಿಯ ನೆರೆಯಲ್ಲಿದ್ದ ಹಲಸಂಗಿಯವರಿಗೆ ಇದ್ದದ್ದು ಗೆಳೆತನವೊಂದೇ.

ಶ್ರೋತೃಗಳೇ, ನಾನು ವರ್ಷಾನುಗಟ್ಟಲೆ ತರಗತಿಯಲ್ಲಿ 'ಗರತಿಯ ಹಾಡು' ಪಾಠ ಹೇಳಿದವನು. ಛಂದಸ್ಸು ಬಿಡಿಸಿದೆ, ಅಲಂಕಾರ ಎಣಿಸಿದೆ. ಬೆಳಗಿನ ಜಾವ ಬೀಸುತ್ತ ನನ್ನವ್ವ ಏನು ಹಾಡುತ್ತಿದ್ದಳೆಂದು ಒಮ್ಮೆಯೂ ಕೇಳಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡೂ ನಿಂತಿತು. ಮುಂದೆ ಅವ್ವನೂ ಹೋದಳು.

ನಿವೃತ್ತನಾದ ಮೇಲೆ, ಎಂಬತ್ತು ದಾಟಿದ ನನ್ನ ಸೋದರತ್ತೆಯ ಬಳಿಗೆ ಹೋಗಿ, ಹಾಡೆಂದು ಕೇಳಿದೆ.

"ಸುಮ್ಮನ ಕುಂತು ಹಾಡಂದ್ರ ಹೆಂಗ ಬರ್ತೈತೋ ತಮ್ಮಾ?" ಎಂದಳು.

ಹಿತ್ತಲಲ್ಲಿ ಬಿದ್ದಿದ್ದ ಕಲ್ಲನ್ನು ತೊಳೆದು ತಂದಿಟ್ಟೆವು. ಗೂಟ ಸಡಿಲಾಗಿತ್ತು, ಅರಿವೆ ಸುತ್ತಿ ಬಿಗಿ ಮಾಡಿದೆವು. ಹಿಡಿ ಜೋಳ ಹಾಕಿ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಹಾಡು ತಾನಾಗಿ ಬಂತು. ಅಂದು ಹತ್ತೊಂಬತ್ತು ಪದ ಬರೆದುಕೊಂಡೆ. ಹನ್ನೊಂದನೆಯ ಪದದಲ್ಲಿ ನಮ್ಮ ಅಜ್ಜಿಯ ಹೆಸರಿತ್ತು.