ಮುಟ್ಟಿದ ಸಾಲು ಕೆಂಪಾಗಲಿಲ್ಲ

(ಜರ್ಮನಿಯ ಕನ್ನಡಿಗರ ಓದುಬಳಗವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ದುಡಿಮೆ ಮತ್ತು ತಂತ್ರಜ್ಞಾನದ ಬಗ್ಗೆ ಮಾತನಾಡಬೇಕೆಂದು ನೀವು ಕೇಳಿದಾಗ, ಯಂತ್ರಗಳು ಮನುಷ್ಯರ ಕೆಲಸವನ್ನು ಕಸಿಯುತ್ತವೆಯೇ ಎಂಬ ದೊಡ್ಡ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆಂದು ಹಲವರು ಎಣಿಸಿರಬಹುದು. ಅದರ ಬಗ್ಗೆ ಹೇಳಲು ನನ್ನಲ್ಲಿ ಹೊಸದೇನೂ ಇಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಬಹಳ ಸಣ್ಣ ಸಂಗತಿ: ಕಂಪ್ಯೂಟರ್ ಪರದೆಯ ಮೇಲಿನ ಒಂದು ಸಾಲು ಕೆಂಪಾಗಬೇಕಿದ್ದ ಹೊತ್ತಿನಲ್ಲಿ ಏಕೆ ಬಿಳಿಯಾಗಿಯೇ ಉಳಿಯಿತು ಎಂಬುದು. ಆ ಸಾಲಿನ ಬಣ್ಣವನ್ನು ನಿರ್ಧರಿಸುವ ಪ್ರೋಗ್ರಾಮನ್ನು ಬರೆದದ್ದು ನಾನು. ಅದಕ್ಕೆ ಬೆಲೆ ತೆತ್ತವರು ಬೇರೊಬ್ಬರು.

ಉತ್ತರ ಜರ್ಮನಿಯ ಬಂದರೊಂದರ ಬಳಿ ಒಂದು ಶೈತ್ಯಾಗಾರವಿದೆ. ತಾಜಾ ಮೀನು ಅಲ್ಲಿಗೆ ಬಂದು, ಕೆಲವು ಗಂಟೆ ತಂಗಿ, ಲಾರಿ ಏರಿ ಹೋಗುತ್ತದೆ. ಮೀನನ್ನು ಕರಗುವ ಮಂಜಿನ ಉಷ್ಣತೆಯ ಆಸುಪಾಸಿನಲ್ಲೇ ಇರಿಸಬೇಕೆಂಬುದು ಯುರೋಪಿನ ನಿಯಮ. ರಾತ್ರಿ ಪಾಳಿಯಲ್ಲಿ ನಿಯಂತ್ರಣ ಕೊಠಡಿಯಲ್ಲಿ ಒಬ್ಬರೇ ಕುಳಿತಿರುತ್ತಾರೆ. ಅವರೆದುರು ನಾವು ಕಟ್ಟಿಕೊಟ್ಟ ಪರದೆ. ಒಂದೊಂದು ಶೀತಲ ಕೋಣೆಗೆ ಒಂದೊಂದು ಸಾಲು. ಉಷ್ಣತೆ ಮಿತಿ ಮೀರಿದರೆ ಸಾಲಿನ ಹಿನ್ನೆಲೆ ಬಿಳಿಯಿಂದ ಕೆಂಪಿಗೆ ಹೊರಳಬೇಕು. ಮೌಸನ್ನು ಸಾಲಿನ ಮೇಲೆ ತಂದರೆ ಅದು ತಿಳಿನೀಲಿಯಾಗಿ, ಆ ಕೋಣೆಯ ಹಿಂದಿನ ಕೆಲವು ಗಂಟೆಗಳ ಏರಿಳಿತವನ್ನು ತೋರಿಸುತ್ತದೆ. ಮೌಸ್ ಸರಿದಾಗ ಮತ್ತೆ ಬಿಳಿಗೆ ಮರಳುತ್ತದೆ. ಎಚ್ಚರಿಕೆಗೆ ಮೊದಲು ಒಂದು ಗಂಟೆಯ ಶಬ್ದವೂ ಇತ್ತು. ಲಾರಿಗೆ ಸರಕು ಏರಿಸಲು ಬಾಗಿಲು ತೆರೆದಾಗಲೆಲ್ಲ ಅದು ಕಿರುಚುತ್ತಿತ್ತೆಂದು ಆಡಳಿತವೇ ಅದನ್ನು ನಿಲ್ಲಿಸಿತ್ತು.

ಒಂದು ರಾತ್ರಿ ಒಂದು ಕೋಣೆಯ ತಂಪುಗಾಳಿಯ ಫ್ಯಾನು ನಿಂತಿತು. ಪಾಳಿಯಲ್ಲಿದ್ದವರಿಗೆ ಅದು ಗೊತ್ತಾದದ್ದು ಸುಮಾರು ಎರಡು ಗಂಟೆಗಳ ಬಳಿಕ. ಖರೀದಿದಾರರು ಮೀನನ್ನು ತಿರಸ್ಕರಿಸಿದರು. ಶೈತ್ಯಾಗಾರದ ತನಿಖಾ ವರದಿ ಒಂದು ಪುಟದಷ್ಟಿತ್ತು. ಕಾರಣದ ಸ್ಥಳದಲ್ಲಿ ‘ಮಾನವ ದೋಷ’ ಎಂದು ಬರೆದಿತ್ತು. ಆ ಮಾನವರು ತಾತ್ಕಾಲಿಕ ಕೆಲಸಗಾರರನ್ನು ಒದಗಿಸುವ ಏಜೆನ್ಸಿಯೊಂದರ ಮೂಲಕ ಬಂದವರು. ನಮ್ಮ ಹಾಗೆಯೇ ಹೊರನಾಡಿನವರು, ಆದರೆ ನಮ್ಮ ಪದವಿಗಳ ರಕ್ಷಣೆ ಇಲ್ಲದವರು. ಅಂಥವರನ್ನು ಯಾರೂ ಕೆಲಸದಿಂದ ವಜಾ ಮಾಡಬೇಕಾಗಿಲ್ಲ. ನಾಳೆಯಿಂದ ಇವರನ್ನು ಕಳಿಸಬೇಡಿ ಎಂದು ಏಜೆನ್ಸಿಗೆ ಒಂದು ಫೋನ್ ಮಾಡಿದರೆ ಸಾಕು. ಹಾಗೆಯೇ ಆಯಿತು.

ಅವರು ಒಂದೇ ಮಾತು ಹೇಳಿದ್ದರು: “ಸಾಲು ಕೆಂಪಾಗಲಿಲ್ಲ.” ಅದಕ್ಕೆ ಎದುರಾಗಿ ನಿಂತದ್ದು ನಮ್ಮ ಪ್ರೋಗ್ರಾಮಿನ ಲಾಗ್. ಫ್ಯಾನು ನಿಂತ ಕೆಲವೇ ನಿಮಿಷಗಳಲ್ಲಿ ಅದು ‘ಎಚ್ಚರಿಕೆಯನ್ನು ತೋರಿಸಲಾಗಿದೆ’ ಎಂದು ದಾಖಲಿಸಿತ್ತು. ಶಾಲೆಯಲ್ಲಿ ಕರ್ಮಣಿ ಪ್ರಯೋಗವನ್ನು ಉರುಹೊಡೆಯುವಾಗ ಅದರ ಉಪಯೋಗವೇನೆಂದು ನನಗೆ ತಿಳಿದಿರಲಿಲ್ಲ. ಯಾರು ತೋರಿಸಿದರು, ಯಾರಿಗೆ ಕಂಡಿತು ಎಂಬೆರಡನ್ನೂ ಬಚ್ಚಿಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆ ಸಾಲನ್ನು ಬರೆದದ್ದೂ ನಾನೇ. ಉಷ್ಣತೆಯ ದತ್ತಾಂಶ ಮಿತಿ ದಾಟಿದ ಕ್ಷಣದಲ್ಲಿ ಅದು ದಾಖಲಾಗುತ್ತಿತ್ತು. ಪರದೆಯ ಮೇಲೆ ಏನಾಯಿತೆಂದು ಅದು ನೋಡುತ್ತಲೇ ಇರಲಿಲ್ಲ.

ಪರಿಶೀಲಿಸುವ ಕೆಲಸ ನನಗೇ ಬಂತು. ಪ್ರೋಗ್ರಾಮನ್ನು ತೆರೆದು, ಸುಳ್ಳು ಉಷ್ಣತೆ ಕೊಟ್ಟು ನೋಡಿದೆ: ಕೆಂಪು. ಮತ್ತೊಂದು ಸಾಲು: ಕೆಂಪು. ಹತ್ತಾರು ಬಾರಿ ಮಾಡಿದೆ, ಪ್ರತಿ ಬಾರಿಯೂ ಕೆಂಪು. ಆ ಮನುಷ್ಯ ನಿದ್ದೆ ಮಾಡಿರಬೇಕೆಂದು ನನಗೂ ಅನ್ನಿಸಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸ್ವಲ್ಪ ತಾಂತ್ರಿಕ ವಿವರ ಅಗತ್ಯ. ಈ ಕಸುಬಿನವರಲ್ಲದವರು ಕೊಂಚ ತಾಳ್ಮೆಯಿಂದ ಕೇಳಬೇಕು. ಆ ಪರದೆಯನ್ನು ಕಟ್ಟಿದ್ದು ಡಬ್ಲ್ಯುಪಿಎಫ್‌ನಲ್ಲಿ, ಅಂದರೆ 2006ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ ಪ್ರೆಸೆಂಟೇಶನ್ ಫೌಂಡೇಶನ್‌ನಲ್ಲಿ. 2018ರಲ್ಲಿ ಅದರ ಮೂಲಸಂಕೇತವನ್ನು ಮುಕ್ತಗೊಳಿಸಲಾಯಿತು. ಕಾರ್ಖಾನೆ, ಆಸ್ಪತ್ರೆ, ಬಂದರುಗಳ ಪರದೆಗಳಲ್ಲಿ ಈಗಲೂ ಅದು ಬಳಕೆಯಲ್ಲಿದೆ. ಅದರಲ್ಲಿ ಒಂದು ಹಿನ್ನೆಲೆಯ ಬಣ್ಣ ಯಾವುದೆಂದು ತೀರ್ಮಾನಿಸಲು ಹಲವು ಹಕ್ಕುದಾರರಿರುತ್ತಾರೆ. ಶೈಲಿ ಒಂದು ಬಣ್ಣ ಹೇಳುತ್ತದೆ. ಅದಕ್ಕಿಂತ ಮೇಲೆ, ಪ್ರೋಗ್ರಾಮರ್ ನೇರವಾಗಿ ಕೊಟ್ಟ ಬಣ್ಣ. ಅವೆರಡಕ್ಕಿಂತಲೂ ಮೇಲೆ ಅನಿಮೇಶನ್. ಅನಿಮೇಶನ್ ಒಂದು ಗುಣವನ್ನು ಹಿಡಿದುಕೊಂಡಿರುವಾಗ ನೀವು ಕೆಳಗಿನಿಂದ ಕೆಂಪು ಎಂದು ಎಷ್ಟು ಬಾರಿ ಆಜ್ಞೆ ಮಾಡಿದರೂ ಪರದೆ ಕೇಳುವುದಿಲ್ಲ. ತಪ್ಪು ಸೂಚನೆಯೂ ಬರುವುದಿಲ್ಲ. ಬೆಲೆ ಬದಲಾಗಿರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಇನ್ನೊಂದು ಸಂಗತಿ ಹೊಸಬರನ್ನು ಯಾವಾಗಲೂ ಎಡವಿಸುತ್ತದೆ. ಅರ್ಧ ಸೆಕೆಂಡಿನ ಅನಿಮೇಶನ್ ಅರ್ಧ ಸೆಕೆಂಡಿನ ನಂತರ ಮುಗಿಯಿತೆಂದು ನಾವು ಭಾವಿಸುತ್ತೇವೆ. ಚಲನೆ ಮುಗಿಯುತ್ತದೆ, ಹಿಡಿತ ಮುಗಿಯುವುದಿಲ್ಲ. ಫಿಲ್‌ಬಿಹೇವಿಯರ್ ಎಂಬ ಗುಣಕ್ಕೆ ನಾವೇನೂ ಹೇಳದಿದ್ದರೆ ಅದು ಹೋಲ್ಡ್‌ಎಂಡ್ ಆಗಿರುತ್ತದೆ: ಕೊನೆಯ ಬಣ್ಣವನ್ನು, ಯಾರಾದರೂ ಬಿಡಿಸುವವರೆಗೆ, ಹಿಡಿದೇ ಇರುತ್ತದೆ.

ಮೊದಲು ನಾನು ಸಂಶಯಪಟ್ಟದ್ದು ಬ್ರಷ್‌ಗಳನ್ನು. ಡಬ್ಲ್ಯುಪಿಎಫ್‌ನಲ್ಲಿ ಒಂದೇ ಬ್ರಷ್ಷನ್ನು ಹತ್ತು ಸಾಲುಗಳು ಹಂಚಿಕೊಂಡಿದ್ದರೆ, ಒಂದರ ಬಣ್ಣ ಬದಲಿಸಲು ಹೋದಾಗ ಹತ್ತೂ ಬದಲಾಗುತ್ತವೆ. ಬ್ರಷ್ ಮಾರ್ಪಡಿಸಲಾಗದಂತೆ ‘ಹೆಪ್ಪುಗಟ್ಟಿದ’ ಸ್ಥಿತಿಯಲ್ಲಿದ್ದರೆ, ಅದರ ಮೇಲೆ ನೇರವಾಗಿ ಅನಿಮೇಶನ್ ಆರಂಭಿಸಿದಾಗ ಪ್ರೋಗ್ರಾಮ್ ದೋಷವನ್ನೆಸೆದು ನಿಲ್ಲುತ್ತದೆ. ಎರಡೂ ಇಲ್ಲಿ ನಡೆದಿರಲಿಲ್ಲ. ಈ ಹಾದಿಯಲ್ಲಿ ಒಂದು ವಾರ ಕಳೆದೆ.

ಕೊನೆಗೆ ಆ ಕೆಲಸಗಾರರ ಹೇಳಿಕೆಯನ್ನು ಪೂರ್ತಿ ಓದಿದೆ. ಅಲ್ಲಿಯವರೆಗೆ ಓದಿದ್ದು ವರದಿಯಲ್ಲಿ ಉಲ್ಲೇಖಿಸಿದ್ದ ಒಂದು ವಾಕ್ಯವನ್ನು ಮಾತ್ರ. ಹೇಳಿಕೆಯ ನಡುವೆ ಅವರು, ಎರಡು ಗಂಟೆಗೊಮ್ಮೆ ತಾನು ಎಲ್ಲ ಸಾಲುಗಳ ಮೇಲೂ ಮೌಸ್ ಇಟ್ಟು ಒಂದೊಂದು ಕೋಣೆಯ ಏರಿಳಿತವನ್ನು ನೋಡುತ್ತಿದ್ದೆನೆಂದೂ, ಅಂಥ ಮುಂದಿನ ಸುತ್ತಿನಲ್ಲೇ ಆ ಕೋಣೆಯ ತೊಂದರೆ ಕಣ್ಣಿಗೆ ಬಿದ್ದಿತೆಂದೂ ಹೇಳಿದ್ದರು. ಹಾಗೆ ನೋಡಬೇಕೆಂದು ಯಾರೂ ಅವರಿಗೆ ಆದೇಶ ಕೊಟ್ಟಿರಲಿಲ್ಲ.

ನಾನು ಪ್ರೋಗ್ರಾಮನ್ನು ತೆರೆದೆ. ಮೊದಲನೆಯ ಸಾಲಿನ ಮೇಲೆ ಮೌಸನ್ನು ಒಮ್ಮೆ ಆಡಿಸಿ ತೆಗೆದೆ. ಎರಡನೆಯದನ್ನು ಮುಟ್ಟಲಿಲ್ಲ. ಎರಡಕ್ಕೂ ಸುಳ್ಳು ಉಷ್ಣತೆ ಕೊಟ್ಟೆ. ಎರಡನೆಯದು ಕೆಂಪಾಯಿತು. ಮೊದಲನೆಯದು ಬಿಳಿ.

ಕಾರಣ ಇಷ್ಟೇ. ಸಾಲಿನ ಶೈಲಿಯಲ್ಲಿ ಎರಡು ಟ್ರಿಗರ್‌ಗಳಿದ್ದವು: ಮೊದಲು ಎಚ್ಚರಿಕೆಯದು, ಅದರ ಕೆಳಗೆ ಮೌಸಿನದು. ಎರಡೂ ಒಂದೇ ಹಿನ್ನೆಲೆಯ ಬಣ್ಣವನ್ನು ಬದಲಿಸುತ್ತಿದ್ದವು. ಇಂಥ ಟ್ರಿಗರ್‌ಗಳು ಹೊರಡಿಸಿದ ಅನಿಮೇಶನ್‌ಗಳು ಪದರ ಪದರವಾಗಿ ಕೂರುತ್ತವೆ. ಯಾವುದು ಈಗತಾನೆ ಶುರುವಾಯಿತು ಎಂಬುದಲ್ಲ, ಯಾವುದನ್ನು ಶೈಲಿಯಲ್ಲಿ ಕೊನೆಗೆ ಬರೆದಿದೆ ಎಂಬುದು ಯಾವ ಪದರ ಮೇಲೆಂದು ತೀರ್ಮಾನಿಸುತ್ತದೆ. ಮೌಸ್ ಸರಿದಾಗ ಸಾಲನ್ನು ಬಿಳಿಗೆ ಮರಳಿಸುವ ಅನಿಮೇಶನ್ ಮೇಲಿನ ಪದರದಲ್ಲಿ ಬಿಳಿಯನ್ನು ಹಿಡಿದು ಕುಳಿತಿತ್ತು. ಆ ಬಳಿಕ ಎಚ್ಚರಿಕೆ ಬಂದಾಗ ಕೆಂಪು ಕೆಳಗಿನ ಪದರದಲ್ಲಿ ಸರಿಯಾಗಿಯೇ ಓಡಿತು. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿದಂತೆ, ಕೆಂಪು ಒಳಗಿತ್ತು, ಮೇಲೆ ಬಿಳಿ.

ಹಾಗಾಗಿ, ರಾತ್ರಿಯೆಲ್ಲ ಪರದೆಯನ್ನು ಮುಟ್ಟದೆ ಕುಳಿತವರಿಗೆ ಎಚ್ಚರಿಕೆ ಕಾಣುತ್ತಿತ್ತು. ಸಾಲು ಸಾಲನ್ನೂ ಮುತುವರ್ಜಿಯಿಂದ ನೋಡುತ್ತಿದ್ದವರಿಗೆ ಕಾಣುತ್ತಿರಲಿಲ್ಲ. ಬೆಳಗಿನ ಪಾಳಿಯವರು ಪ್ರೋಗ್ರಾಮನ್ನು ಮುಚ್ಚಿ ತೆರೆಯುತ್ತಿದ್ದುದರಿಂದ ಸಾಕ್ಷ್ಯವೂ ಅಳಿಸಿಹೋಗುತ್ತಿತ್ತು. ನಮ್ಮ ಸ್ವಯಂಚಾಲಿತ ಪರೀಕ್ಷೆಗಳು ದತ್ತಾಂಶವನ್ನಷ್ಟೇ ನೋಡಿ ಹಸಿರು ಚೀಟಿ ಕೊಡುತ್ತಿದ್ದವು.

ಈ ಕಸುಬಿನ ಗೆಳೆಯರಿಗಾಗಿ ಎರಡು ಮಾತು. ಬಣ್ಣವೊಂದು ಮಾತು ಕೇಳದಿದ್ದಾಗ, ಅದನ್ನು ಮತ್ತೆ ಮತ್ತೆ ಬರೆಯುವ ಮೊದಲು ಅದು ಯಾರ ಹಿಡಿತದಲ್ಲಿದೆ ಎಂದು ಕೇಳಿ. ಡಿಪೆಂಡೆನ್ಸಿಪ್ರಾಪರ್ಟಿಹೆಲ್ಪರ್‌ನ ಗೆಟ್‌ವ್ಯಾಲ್ಯೂಸೋರ್ಸ್, ಬೆಲೆ ಎಲ್ಲಿಂದ ಬಂದಿದೆ, ಅನಿಮೇಶನ್ ಅದನ್ನು ಹಿಡಿದಿದೆಯೇ ಎಂದು ಹೇಳುತ್ತದೆ. ಇಲ್ಲಿ ಬ್ರಷ್ಷಿನ ಬಣ್ಣವನ್ನು ಕೇಳಬೇಕು, ಸಾಲಿನ ಹಿನ್ನೆಲೆಯನ್ನಲ್ಲ. ಯಾವ ಅನಿಮೇಶನ್ ಎಂದು ಅದು ಹೇಳದು. ಟ್ರಿಗರ್‌ಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ಮೌಸ್ ಸರಿದಾಗ ಹೊಸ ಬಿಳಿ ಬಳಿಯುವ ಬದಲು ರಿಮೂವ್‌ಸ್ಟೋರಿಬೋರ್ಡ್‌ನಿಂದ ಹಳೆಯ ಹಿಡಿತವನ್ನು ಬಿಡಿಸುವುದು ತಕ್ಷಣದ ಪರಿಹಾರ. ನಾನು ಮುಂದೆ ಹೋಗಿ ಹಿನ್ನೆಲೆಯನ್ನು ಎಚ್ಚರಿಕೆಗೆ ಮಾತ್ರ ಮೀಸಲಿಟ್ಟೆ. ಮೌಸಿಗೆ ಸಾಲಿನ ಅಂಚು ಸಾಕು. ಎಚ್ಚರಿಕೆಯ ಜೊತೆಗೆ ಒಂದು ಗುರುತು ಮತ್ತು ಒಂದು ಪದವೂ ಕಾಣುವಂತೆ ಮಾಡಿದೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಮಂದಿಗೆ ಕೆಂಪು-ಹಸಿರು ಭೇದ ಸರಿಯಾಗಿ ತಿಳಿಯುವುದಿಲ್ಲ. ಬಣ್ಣವೊಂದರಿಂದಲೇ ಅರ್ಥವನ್ನು ತಿಳಿಸಬಾರದೆಂದು ಜಾಲತಾಣಗಳ ಸುಲಭಲಭ್ಯತೆಯ ನಿಯಮಗಳು ಹೇಳುತ್ತಲೇ ಬಂದಿವೆ. ನಾನು ಅವನ್ನು ಓದಿದ್ದೆ. ಅವು ಜಾಲತಾಣಗಳಿಗೆ ತಾನೇ ಎಂದು ಬದಿಗಿಟ್ಟಿದ್ದೆ.

ಪ್ರೋಗ್ರಾಮನ್ನು ತಿದ್ದಲು ಒಂದು ಮಧ್ಯಾಹ್ನ ಸಾಕಾಯಿತು. ವರದಿಯನ್ನು ತಿದ್ದಿಸುವುದು ಹಾಗಿರಲಿಲ್ಲ. ನಮ್ಮ ಕಚೇರಿಯಲ್ಲಿ ದೋಷವನ್ನು ವಿವರಿಸಿದಾಗ, ಮುಂದಿನ ಆವೃತ್ತಿಯ ಟಿಪ್ಪಣಿಯಲ್ಲಿ ‘ದೃಶ್ಯ ಸುಧಾರಣೆ’ ಎಂದು ಸೇರಿಸಿದರೆ ಸಾಕೆಂಬ ಉತ್ತರ ಬಂತು. ಬ್ಲೂ ಕಾರ್ಡ್ ಹಿಡಿದು ಬಂದವರಿಗೆ ಮೊದಲ ವರ್ಷಗಳಲ್ಲಿ ಕೆಲಸ ಹೋಗುವುದರ ಅರ್ಥವೇನೆಂದು ಇಲ್ಲಿರುವ ಅನೇಕರಿಗೆ ವಿವರಿಸಬೇಕಿಲ್ಲ. ನಾನು ಹತ್ತು ದಿನ ಸುಮ್ಮನಿದ್ದೆ. ಪರಿಸ್ಥಿತಿಯ ಒತ್ತಡ ಎಂದೆಲ್ಲ ಅದಕ್ಕೆ ಹೆಸರಿಡಬಹುದು, ಅದು ಹೆದರಿಕೆ.

ತಿದ್ದಿದ ಆವೃತ್ತಿಯನ್ನು ಅಳವಡಿಸಲು ಶೈತ್ಯಾಗಾರಕ್ಕೆ ಹೋದ ದಿನ, ಅಲ್ಲಿನ ಕೆಲಸಗಾರರ ಮಂಡಳಿಯ ಸದಸ್ಯರೊಬ್ಬರೂ ಕೊಠಡಿಯಲ್ಲಿರಲಿ ಎಂದು ಕೇಳಿದೆ. ಉದ್ಯೋಗಿಗಳ ನಡವಳಿಕೆಯನ್ನು ಗಮನಿಸಬಲ್ಲ ತಾಂತ್ರಿಕ ಸಾಧನಗಳ ವಿಷಯದಲ್ಲಿ ಆ ಮಂಡಳಿಗೆ ಸಹನಿರ್ಧಾರದ ಹಕ್ಕನ್ನು ಜರ್ಮನಿಯ ಕಾನೂನು ಕೊಟ್ಟಿದೆ. ನಮ್ಮ ಲಾಗ್ ಒಬ್ಬರ ನಡವಳಿಕೆಗೆ ಸಾಕ್ಷಿಯಾಗಿ ಬಳಕೆಯಾಗಿತ್ತು. ಹೊಸದನ್ನು ಹಾಕುವ ಮುನ್ನ ಹಳೆಯದನ್ನು ತೆರೆದು, ಅವರ ಕೈಗೇ ಮೌಸ್ ಕೊಟ್ಟೆ. ಒಂದು ಸಾಲನ್ನು ಮುಟ್ಟಿ, ಇನ್ನೊಂದನ್ನು ಬಿಡಿ ಎಂದೆ. ಎರಡೂ ಸಾಲುಗಳಿಗೆ ಎಚ್ಚರಿಕೆ ಕಳಿಸಿದೆ. ಅವರು ಬಹಳ ಹೊತ್ತು ಬಿಳಿ ಸಾಲನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ ಫೋನಿನಲ್ಲಿ ಪರದೆಯ ಚಿತ್ರ ತೆಗೆದುಕೊಂಡರು.

ಎರಡು ತಿಂಗಳ ನಂತರ ವರದಿಯಲ್ಲಿ ಕಾರಣವನ್ನು ‘ತಂತ್ರಾಂಶ ದೋಷ’ ಎಂದು ಬದಲಿಸಲಾಯಿತು. ನನ್ನ ಕೆಲಸ ಉಳಿದಿದೆ; ಸಭೆಗಳಿಗೆ ಕರೆಯುವುದು ಸ್ವಲ್ಪ ಕಡಿಮೆಯಾಗಿದೆ. ಆ ಕೆಲಸಗಾರರಿಗೆ ಒಂದು ಪತ್ರ ಬರೆದು, ಅವರ ವಿಳಾಸ ತಿಳಿಯದ ಕಾರಣ ಏಜೆನ್ಸಿಯ ಕೈಗೆ ಕೊಟ್ಟೆ. ಅವರು ಈಗ ತಮ್ಮ ಪಟ್ಟಿಯಲ್ಲಿಲ್ಲವೆಂದೂ, ಸಾಧ್ಯವಾದರೆ ತಲುಪಿಸುತ್ತೇವೆಂದೂ ಏಜೆನ್ಸಿಯವರು ಹೇಳಿದರು. ಉತ್ತರ ಬಂದಿಲ್ಲ.

ಲಾಗ್‌ನ ಆ ವಾಕ್ಯವನ್ನೂ ಬದಲಿಸಿದ್ದೇನೆ. ಈಗ ಅದು ‘ಉಷ್ಣತೆ ಮಿತಿ ಮೀರಿದೆ’ ಎಂದಷ್ಟೇ ಹೇಳುತ್ತದೆ. ಪಾಳಿಯಲ್ಲಿರುವವರು ಎಚ್ಚರಿಕೆಯನ್ನು ಒತ್ತಿ ಒಪ್ಪಿಕೊಂಡ ಮೇಲೆಯೇ ‘ನೋಡಿದರು’ ಎಂಬ ಪದ ಸೇರುತ್ತದೆ.