ಮರದ ಬಳಿಯ ಪುಟ್ಟ ಫಲಕ

ಆಗಸ್ಟ್ ಬಂತೆಂದರೆ ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಜನಜಾತ್ರೆ. ನಮ್ಮ ಟಿ.ವಿ.ಯವರ ಕಣ್ಣೂ ಹೂವಿನ ಮೇಲೆಯೇ! ಆದರೆ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಈ ತೋಟ ಬರೀ ಅಂದಕ್ಕಾಗಿ ಬೆಳೆದದ್ದಲ್ಲ. ಪರದೇಶದ ಗಿಡ ತರಿಸಿ, ನಮ್ಮ ಮಣ್ಣಿಗೆ ಒಗ್ಗುವುದೇ ಎಂದು ಪರೀಕ್ಷಿಸಿ, ಒಗ್ಗಿದ್ದನ್ನು ನಾಡಿಗೆ ಹಂಚಿದ ತೋಟವಿದು. ನಿಮ್ಮ ಸಾಂಬಾರಿನ ಸೀಮೆಬದನೆಯ ತವರು ಮೆಕ್ಸಿಕೋ ಕಡೆ. ಜಾನ್ ಕ್ಯಾಮೆರಾನ್ ಕಾಲದಲ್ಲಿ ಇಲ್ಲಿ ಬೇರೂರಿದ ಅದು ತಮಿಳುನಾಡಿನಲ್ಲಿ ಇಂದಿಗೂ ‘ಬೆಂಗಳೂರು ಕತ್ತರಿಕಾಯಿ’!

ಇಂಥ ಕಥೆಗಳಿಗೆ ಬಾಗಿಲು, ಮರದ ಬಳಿಯ ಪುಟ್ಟ ಫಲಕ. ಹೆಸರು, ಕುಟುಂಬ, ತವರು. ಅದನ್ನು ಓದುವವರೇ ಕಡಿಮೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿ ಹಿಂದಿರುಗುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಮುಂದಿನ ಸಲ ಹತ್ತೇ ಮರ ಸಾಕು. ಫಲಕ ಓದಿಸಿ, ಉದುರಿದ ಎಲೆ ಕೈಗೆ ಕೊಡಿ, ತವರನ್ನು ಭೂಪಟದಲ್ಲಿ ಹುಡುಕಿಸಿ.